ಫ್ರೋಜನ್ ಶೋಲ್ಡರ್ ಮತ್ತು ಅದರ ಮರುಕಳಿಕೆ

ಹೇಳಿಕೊಳ್ಳುವಂಥ ಪೆಟ್ಟಾಗಲಿ ಗಾಯವಾಗಲಿ ಇಲ್ಲದೆಯೇ ಹೆಗಲಿನ ಕೀಲು ಮೊದಲು ನೋಯತೊಡಗಿ, ಅನಂತರ ದಿನದಿನಕ್ಕೆ ಬಿಗಿದು, ತೋಳನ್ನು ಮೇಲೆತ್ತುವುದಾಗಲಿ ಹೊರಕ್ಕೆ ತಿರುಗಿಸುವುದಾಗಲಿ ಬೆನ್ನ ಹಿಂದಕ್ಕೆ ಒಯ್ಯುವುದಾಗಲಿ ಅಸಾಧ್ಯವಾಗುವಂತೆ ಮಾಡಿ, ತಿಂಗಳುಗಟ್ಟಲೆ, ಎಷ್ಟೋ ವೇಳೆ ವರ್ಷಗಟ್ಟಲೆ ಹಾಗೆಯೇ ನಿಂತು, ಕಡೆಗೆ ಬಂದಂತೆಯೇ ಮೆಲ್ಲಮೆಲ್ಲನೆ ಹಿಂದೆಗೆಯುವ ವ್ಯಾಧಿಗೆ ಫ್ರೋಜನ್ ಶೋಲ್ಡರ್ ಎಂದು ಹೆಸರು. ನಮ್ಮ ಊರುಗಳಲ್ಲಿ ‘ಭುಜ ಹಿಡಿದುಕೊಂಡಿದೆ’, ‘ಕೈ ಎತ್ತಲಿಕ್ಕೇ ಆಗುತ್ತಿಲ್ಲ’ ಎಂದು ನಡುವಯಸ್ಸಿನವರು ಹೇಳಿಕೊಳ್ಳುವ ದೂರುಗಳಲ್ಲಿ ಎಷ್ಟೋ ಇದಕ್ಕೆ ಸೇರಿದವು. ನೂರು ಜನರಲ್ಲಿ 2ರಿಂದ 5 ಮಂದಿಗೆ ಬಾಳಿನಲ್ಲಿ ಎಂದಾದರೊಮ್ಮೆ ಇದು ಬರುವುದೆಂದು ಅಂದಾಜು. 40ರಿಂದ 60ರ ವಯಸ್ಸು ಇದರ ಕಾಲ. ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಪ್ರಾಣಕ್ಕೆ ಇದರಿಂದ ಅಪಾಯವಿಲ್ಲ. ಆ ಕಾರಣದಿಂದಲೇ ಇದನ್ನು ಅಲ್ಪವ್ಯಾಧಿಯೆಂದು ಬಗೆಯುವವರೂ ಉಂಟು; ಅಂಥವರು ಇದನ್ನು ಅನುಭವಿಸಿರಲಾರರು.

ವ್ಯಾಧಿಯ ಮೊದಲ ಸುಳಿವು ಸಿಕ್ಕುವುದು ನಿತ್ಯದ ಸಣ್ಣ ಕೆಲಸಗಳಲ್ಲಿ. ಅಂಗಿಯ ತೋಳಿಗೆ ಕೈ ತೂರಿಸುವಾಗ ಒಂದು ಚಳಕು. ತಲೆಯ ಮೇಲೆ ತಂಬಿಗೆಯಿಂದ ನೀರು ಹೊಯ್ದುಕೊಳ್ಳುವಾಗ ಕೈ ನಡುದಾರಿಯಲ್ಲಿ ನಿಂತುಬಿಡುವುದು. ಜಡೆ ಹೆಣೆಯಲಾಗದೆ ಮಗಳನ್ನೋ ಸೊಸೆಯನ್ನೋ ಕರೆಯಬೇಕಾಗುವುದು. ಪಂಚೆಯ ಕಚ್ಚೆಯನ್ನು ಹಿಂದಕ್ಕೆ ಸಿಕ್ಕಿಸಿಕೊಳ್ಳಲು, ಹಿಂದೆ ಗುಂಡಿಯಿರುವ ರವಿಕೆಯನ್ನು ತೊಡಲು ಆಗದಿರುವುದು. ಬಸ್ಸಿನ ಮೇಲ್ಗಂಬಿ ಕೈಗೆ ನಿಲುಕದಿರುವುದು. ಕೆಳಗೆ ಬೀಳುತ್ತಿರುವ ಲೋಟವನ್ನು ಹಿಡಿಯಲೆಂದು ಅಪ್ರಯತ್ನವಾಗಿ ಕೈ ಚಾಚಿದ ಕ್ಷಣದಲ್ಲಿ ಹೊಡೆಯುವ ನೋವಂತೂ ಮನುಷ್ಯನನ್ನು ಕುಕ್ಕರಿಸುವಂತೆ ಮಾಡುತ್ತದೆ. ಹಗಲು ಹೇಗೋ ಕಳೆದೀತು, ರಾತ್ರಿ ಕಳೆಯುವುದು ಕಷ್ಟ. ನೋವಿರುವ ಮಗ್ಗುಲಿಗೆ ಹೊರಳಿದೊಡನೆ ಎಚ್ಚರವಾಗಿ, ಮತ್ತೆ ನಿದ್ರೆ ಹತ್ತುವಷ್ಟರಲ್ಲಿ ಮತ್ತೊಮ್ಮೆ ಹೊರಳಿ, ಹೀಗೆ ವಾರಗಟ್ಟಲೆ ನಿದ್ರೆ ಕೆಟ್ಟವರು ವೈದ್ಯರ ಬಳಿಗೆ ಬರುವುದು ಬಿಗಿತಕ್ಕಾಗಿ ಅಲ್ಲ, ಒಂದು ರಾತ್ರಿಯ ನಿದ್ರೆಗಾಗಿ.

ದೇಹದ ಕೀಲುಗಳಲ್ಲಿ ಹೆಗಲಿನಷ್ಟು ದಿಕ್ಕುಗಳಿಗೆ ತಿರುಗಬಲ್ಲದ್ದು ಬೇರೊಂದಿಲ್ಲ. ತೋಳಮೂಳೆಯ ದುಂಡನೆಯ ತಲೆ ದೊಡ್ಡದು, ಅದನ್ನು ಧರಿಸುವ ಹೆಗಲೆಲುಬಿನ ಬಟ್ಟಲು ಚಿಕ್ಕದು, ಆಳವಿಲ್ಲದ್ದು. ಆದಕಾರಣ ಮೂಳೆಯಿಂದ ದೊರೆಯದ ಭದ್ರತೆಯನ್ನು ಸುತ್ತಣ ಸ್ನಾಯುಗಳೂ ಕೀಲನ್ನು ಸುತ್ತುಗಟ್ಟಿರುವ ತೆಳುವಾದ ಸಂಧಿಕೋಶವೂ ಒದಗಿಸಬೇಕಾಗಿದೆ. ಈ ಕೋಶದ ಕೆಳಭಾಗವು, ತೋಳು ಕೆಳಗಿಳಿದಿರುವಾಗ, ರವಿಕೆಯ ಕಂಕುಳಿನಲ್ಲಿ ದರ್ಜಿಯು ಬಿಟ್ಟ ಸಡಿಲದಂತೆ ನೆರಿಗೆಯಾಗಿ ಜೋತುಬಿದ್ದಿದ್ದು, ತೋಳು ಮೇಲೆದ್ದಾಗ ಬಿಚ್ಚಿಕೊಂಡು ಎಡೆಮಾಡಿಕೊಡುತ್ತದೆ. ವ್ಯಾಧಿ ಕೈಹಾಕುವುದು ಈ ಸಡಿಲಕ್ಕೇ. ಕೋಶದ ಒಳಪದರ ಉರಿಯೂತಕ್ಕೆ ಸಿಕ್ಕಿ ಕೆಂಪೇರುತ್ತದೆ, ಆಮೇಲೆ ಅದರಲ್ಲಿ ತಂತುಗಳು ಬೆಳೆದು ಕೋಶ ದಪ್ಪಗಾಗಿ ಕುಗ್ಗುತ್ತದೆ, ನೆರಿಗೆ ಮಾಯವಾಗುತ್ತದೆ, ಕೀಲಿನ ಮುಂಭಾಗದಲ್ಲಿ ಮೇಲಿನಿಂದ ಇಳಿದುಬರುವ ಅಸ್ಥಿರಜ್ಜು ಗಡುಸಾಗಿ ತೋಳನ್ನು ಹೊರತಿರುಗಲು ಬಿಡುವುದಿಲ್ಲ. ಬಿಗಿತವು ಸ್ನಾಯುವಿನದಲ್ಲ, ಕೋಶದ್ದು ಎಂಬುದನ್ನು ಇಲ್ಲಿಯೇ ಗಮನಿಸಿಕೊಂಡರೆ, ಮುಂದೆ ಚಿಕಿತ್ಸೆಯ ವಿಷಯದಲ್ಲಿ ಬರುವ ಅನೇಕ ಮಾತುಗಳಿಗೆ ಆಧಾರ ದೊರೆತಂತಾಗುತ್ತದೆ.

ಈ ಲಕ್ಷಣಗಳು ಪ್ರಾಚೀನರಿಗೆ ಅಪರಿಚಿತವಾಗಿರಲಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನವು ವಾತವ್ಯಾಧಿಗಳ ಪ್ರಕರಣದಲ್ಲಿ ಅವಬಾಹುಕವೆಂಬ ರೋಗವನ್ನು ಹೇಳಿ, ಹೆಗಲಿನಲ್ಲಿ ನೆಲೆಗೊಂಡ ವಾಯುವು ಅಲ್ಲಿಯ ಬಂಧನವನ್ನು ಶೋಷಿಸಿ ಸಿರೆಗಳನ್ನು ಸಂಕೋಚಗೊಳಿಸುವುದರಿಂದ ಅದು ಹುಟ್ಟುವುದೆಂದು ವಿವರಿಸಿದೆ. ಆಧುನಿಕ ವೈದ್ಯದಲ್ಲಿ 1872ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಸಿಮೋಂ ಡ್ಯುಪ್ಲೇ ಹೆಗಲ ಕೀಲಿನ ಸುತ್ತಣ ಮೃದುಭಾಗಗಳ ಉರಿಯೂತವೆಂದು ಇದನ್ನು ಬೇರ್ಪಡಿಸಿ ಬರೆದನು. ಇಂದು ಲೋಕದಲ್ಲೆಲ್ಲ ಬಳಕೆಯಲ್ಲಿರುವ ಹೆಸರನ್ನಿತ್ತವನು ಬಾಸ್ಟನ್ ನಗರದ ಅರ್ನೆಸ್ಟ್ ಅಮೋರಿ ಕಾಡ್ಮನ್; 1934ರಲ್ಲಿ ಪ್ರಕಟವಾದ, ಹೆಗಲೊಂದನ್ನೇ ಕುರಿತ ತನ್ನ ಗ್ರಂಥದಲ್ಲಿ ಈ ವ್ಯಾಧಿಯ ಲಕ್ಷಣವನ್ನು ನಿರ್ಣಯಿಸುವುದೂ ಚಿಕಿತ್ಸೆ ಮಾಡುವುದೂ ಕಾರಣ ಹೇಳುವುದೂ ಮೂರೂ ಕಷ್ಟವೆಂದು ಅವನು ನಿಸ್ಸಂಕೋಚವಾಗಿ ಒಪ್ಪಿಕೊಂಡನಲ್ಲದೆ, ಬಹುಕಾಲ ಎಳೆದರೂ ಗುಣವಾಗುವ ವ್ಯಾಧಿಯಿದೆಂದು ಧೈರ್ಯವನ್ನೂ ಹೇಳಿದನು. ಪ್ರತಿಯೊಬ್ಬ ರೋಗಿಯೂ ಚಿಕಿತ್ಸೆಯ ಬಳಿಕ ಏನಾದನೆಂಬುದನ್ನು ವರ್ಷ ಕಳೆದ ಮೇಲೂ ವಿಚಾರಿಸಿ ಬರೆದಿಡಬೇಕೆಂದು ಹಟ ಹಿಡಿದು ಸಹೋದ್ಯೋಗಿಗಳ ಅಸಮಾಧಾನಕ್ಕೆ ಪಾತ್ರನಾದ ಮನುಷ್ಯ ಅವನು; ಇಷ್ಟು ನಿಧಾನದ ವ್ಯಾಧಿಗೆ ಅಂಥ ವೈದ್ಯನೇ ತಕ್ಕವನೆನ್ನಬೇಕು. 1945ರಲ್ಲಿ ಜೂಲಿಯಸ್ ನೆವಿಯಾಸರ್ ಸಂಧಿಕೋಶವು ದಪ್ಪಗಟ್ಟಿ ಕುಗ್ಗಿ ತೋಳಮೂಳೆಯ ತಲೆಗೆ ಅಂಟಿರುವುದನ್ನು ತೋರಿಸಿ ರೋಗದ ನೆಲೆಯನ್ನು ಖಚಿತಪಡಿಸಿದನು. 1995ರಲ್ಲಿ ಬಂಕರ್ ಮತ್ತು ಆಂಥೊನಿ ಎಂಬಿಬ್ಬರು ಬ್ರಿಟಿಷ್ ವೈದ್ಯರು ಆ ಕೋಶದ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಪರೀಕ್ಷಿಸಿ, ಅಂಗೈಯ ಚರ್ಮದಡಿಯಲ್ಲಿ ತಂತುಗಳು ಬೆಳೆದು ಬೆರಳು ಮಡಿಚಿಕೊಳ್ಳುವ ಡ್ಯುಪ್ಯುಟ್ರೆನ್ ವ್ಯಾಧಿಯಲ್ಲಿ ಕಾಣುವ ಮಾರ್ಪಾಟುಗಳೇ ಇಲ್ಲಿಯೂ ಇರುವುದನ್ನು ಕಂಡರು. ಈ ಎರಡು ವ್ಯಾಧಿಗಳು ಒಬ್ಬನಲ್ಲಿಯೇ ಕೂಡಿ ಬರುವುದೂ ಅಪರೂಪವಲ್ಲ.

ವ್ಯಾಧಿಯ ಗತಿಯನ್ನು ಮೂರು ಘಟ್ಟಗಳಾಗಿ ಹೇಳುವುದು ವಾಡಿಕೆ. ಮೊದಲನೆಯದು ನೋವಿನ ಘಟ್ಟ, ಎರಡರಿಂದ ಒಂಬತ್ತು ತಿಂಗಳು. ಈ ಅವಧಿಯಲ್ಲಿ ನೋವು ಏರುತ್ತ ಹೋಗಿ ಅದರ ಹಿಂದೆಯೇ ಬಿಗಿತವೂ ಸೇರಿಕೊಳ್ಳುತ್ತದೆ. ಎರಡನೆಯದು ಬಿಗಿತದ ಘಟ್ಟ, ನಾಲ್ಕರಿಂದ ಹನ್ನೆರಡು ತಿಂಗಳು. ಈಗ ಸುಮ್ಮನಿದ್ದಾಗ ನೋವು ತಗ್ಗಿ, ಚಲನೆಯ ಕೊನೆಯಲ್ಲಿ ಮಾತ್ರ ಚುಚ್ಚುತ್ತದೆ, ತೋಳು ಮಾತ್ರ ಕದಲದು. ಮೂರನೆಯದು ಬಿಗಿತ ಕರಗುವ ಘಟ್ಟ. ಇದು ಐದಾರು ತಿಂಗಳಲ್ಲಿ ಮುಗಿಯಬಹುದು, ಎರಡು ವರ್ಷಕ್ಕೂ ಮೀರಬಹುದು. ಪುಸ್ತಕದಲ್ಲಿ ಹೀಗೆ ಗೆರೆ ಎಳೆದು ತೋರಿಸಿದ್ದರೂ ರೋಗಿಯ ಅನುಭವದಲ್ಲಿ ಒಂದು ಘಟ್ಟ ಮುಗಿದು ಇನ್ನೊಂದು ಮೊದಲಾದ ದಿನ ಇಂಥದೆಂದು ತಿಳಿಯುವುದಿಲ್ಲ. 1975ರಲ್ಲಿ ರೀವ್ಸ್ ಎಂಬಾತ 41 ಮಂದಿಯನ್ನು ಐದರಿಂದ ಹತ್ತು ವರ್ಷ ಗಮನಿಸಿ, ವ್ಯಾಧಿಯ ಸರಾಸರಿ ಅವಧಿ 30 ತಿಂಗಳೆಂದು ಬರೆದನು. ತಾನಾಗಿ ಪೂರ್ತಿ ಗುಣವಾಗುವುದೆಂಬ ಹಳೆಯ ಭರವಸೆಯನ್ನು ಆಮೇಲಿನ ಸಮೀಕ್ಷೆಗಳು ಕೊಂಚ ತಿದ್ದಿವೆ: 2008ರಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ಅಧ್ಯಯನದಲ್ಲಿ, ರೋಗ ಮೊದಲಾಗಿ ಸರಾಸರಿ ನಾಲ್ಕು ವರ್ಷ ಮೀರಿದ ಮೇಲೆ, ನೂರಕ್ಕೆ 59ರಷ್ಟು ಮಂದಿ ಹೆಚ್ಚುಕಡಮೆ ಮೊದಲಿನಂತಾಗಿದ್ದರು, 35ರಷ್ಟು ಮಂದಿಗೆ ಅಷ್ಟಿಷ್ಟು ನೋವೋ ಬಿಗಿತವೋ ಉಳಿದಿತ್ತು, ತೀವ್ರವಾದ ತೊಂದರೆ ಉಳಿದಿದ್ದುದು 6ರಷ್ಟು ಮಂದಿಗೆ.

ಈ ವ್ಯಾಧಿಗೆ ಮೂಲಕಾರಣವೇನೆಂಬುದು ಇನ್ನೂ ಸ್ಪಷ್ಟವಾಗಿಲ್ಲ. ಆದರೆ ವ್ಯಾಧಿಯ ನೆಂಟಸ್ತಿಕೆ ಯಾವುದರೊಡನೆ ಎಂಬುದು ಸ್ಪಷ್ಟ. ಮಧುಮೇಹಿಗಳಲ್ಲಿ ನೂರಕ್ಕೆ 10ರಿಂದ 20 ಮಂದಿಗೆ ಇದು ಬರುತ್ತದೆ. ಅವರಲ್ಲಿ ಬಿಗಿತ ಹೆಚ್ಚು ಕಾಲ ನಿಲ್ಲುತ್ತದೆ, ಎರಡೂ ಹೆಗಲುಗಳಿಗೆ ಹರಡುವ ಸಂಭವ ಹೆಚ್ಚು, ಚಿಕಿತ್ಸೆಗೆ ಬಗ್ಗುವುದು ಕಡಮೆ. ಸಕ್ಕರೆಯ ಅಂಶ ದೀರ್ಘಕಾಲ ಏರಿದ ರಕ್ತವು ಕೊಲ್ಯಾಜೆನ್ ತಂತುಗಳನ್ನು ಒಂದಕ್ಕೊಂದು ಹೊಸೆದು ಗಡುಸುಗೊಳಿಸುವುದೇ ಇದಕ್ಕೆ ಹೇತುವಿರಬೇಕೆಂದು ಬಹುಮಂದಿ ತಜ್ಞರ ಊಹೆ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಹೊರಬಿದ್ದ ಸಮೀಕ್ಷೆಯು ಈ ದೇಶದಲ್ಲಿ ಮಧುಮೇಹಿಗಳ ಸಂಖ್ಯೆಯನ್ನು 10 ಕೋಟಿಗೂ ಮೇಲೆಂದು ಎಣಿಸಿರುವಾಗ, ನಮ್ಮಲ್ಲಿ ಹಿಡಿದ ಹೆಗಲುಗಳೂ ಹೆಚ್ಚಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಥೈರಾಯ್ಡ್ ಗ್ರಂಥಿಯ ದೋಷ, ವಿಶೇಷವಾಗಿ ಅದರ ಮಾಂದ್ಯ, ಇನ್ನೊಂದು ಸಂಗಾತಿ. ಪಾರ್ಶ್ವವಾಯು, ಪಾರ್ಕಿನ್ಸನ್ ವ್ಯಾಧಿ, ಎದೆಯ ಅಥವಾ ಸ್ತನದ ಶಸ್ತ್ರಚಿಕಿತ್ಸೆ, ಮುರಿದ ಮೂಳೆಗೆ ಹಾಕಿದ ಕಟ್ಟು ಇವುಗಳಲ್ಲಿ ಯಾವುದರಿಂದಲಾದರೂ ತೋಳು ಬಹುದಿನ ನಿಶ್ಚಲವಾಗಿದ್ದರೆ ಆಗಲೂ ಕೋಶ ಕುಗ್ಗುತ್ತದೆ. ಋತುಬಂಧದ ವಯಸ್ಸಿನ ಸ್ತ್ರೀಯರಲ್ಲಿ ಇದು ಹೆಚ್ಚಾಗಿ ಕಾಣುವುದರಿಂದ ಹಾರ್ಮೋನುಗಳ ಪಾತ್ರವನ್ನೂ ಈಚೆಗೆ ಪರಿಶೀಲಿಸುತ್ತಿದ್ದಾರೆ.

ಇನ್ನು ಮರುಕಳಿಕೆಯ ಮಾತು. ಒಮ್ಮೆ ಈ ಯಾತನೆಯನ್ನು ದಾಟಿದವರಿಗೆ ಎರಡನೆಯ ಸಲ ಅದೇ ಚಳಕು ಕಾಣಿಸಿಕೊಂಡಾಗ ಆಗುವ ಎದೆಗುಂದಿಕೆ ಸಣ್ಣದಲ್ಲ. ಮೊದಲ ಸಲ ಏನು ಬರಲಿದೆಯೆಂಬುದು ಗೊತ್ತಿರಲಿಲ್ಲ, ಈಗ ಗೊತ್ತಿದೆ. ಹೀಗಿರುವಲ್ಲಿ ವೈದ್ಯರ ದೀರ್ಘಾನುಭವ ಹೇಳುವ ಒಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ: ಪೂರ್ತಿಯಾಗಿ ಬಿಟ್ಟ ಹೆಗಲು ತಾನೇ ಮತ್ತೊಮ್ಮೆ ಹಿಡಿಯುವುದು ಬಹಳ ವಿರಳ. ಮರಳಿ ಬಂತೆಂದು ಜನ ಹೇಳುವುದರಲ್ಲಿ ದೊಡ್ಡ ಪಾಲು ಇನ್ನೊಂದು ಪಕ್ಕದ ಹೆಗಲಿನದು. ಒಂದು ಹೆಗಲಿಗೆ ಬಂದವರಲ್ಲಿ ನೂರಕ್ಕೆ 6ರಿಂದ 17 ಮಂದಿಗೆ ಐದು ವರ್ಷದೊಳಗಾಗಿ ಮತ್ತೊಂದಕ್ಕೂ ಬರುವುದೆಂದು ಲೆಕ್ಕ. ಮಧುಮೇಹಿಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ನೋಯುವ ಕೈಯ ಕೆಲಸವನ್ನೆಲ್ಲ ಇನ್ನೊಂದು ಕೈ ಹೊತ್ತುದರಿಂದ ಹೀಗಾಯಿತೆಂದು ಮನೆಗಳಲ್ಲಿ ಹೇಳುವುದುಂಟು, ರೋಗಿಯೂ ತನ್ನನ್ನೇ ಹಳಿದುಕೊಳ್ಳುವುದುಂಟು, ಅದು ಸರಿಯಲ್ಲ. ದುಡಿತವೇ ಕಾರಣವಾಗಿದ್ದ ಪಕ್ಷದಲ್ಲಿ ಈ ವ್ಯಾಧಿಯು ಮೂಟೆ ಹೊರುವ ಹಮಾಲಿಯ ಹೆಗಲನ್ನು ಬಿಟ್ಟು, ಮೇಜಿನ ಮುಂದೆ ಕುಳಿತು ಬರೆಯುವವನ ಎಡಗೈಯನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ. ಎರಡನೆಯ ಹೆಗಲೂ ಹಿಡಿಯುವುದು, ಮೊದಲನೆಯದನ್ನು ಹಿಡಿಸಿದ ಒಳಗಿನ ಪ್ರವೃತ್ತಿ ದೇಹದಲ್ಲಿ ಇನ್ನೂ ಇರುವುದರಿಂದ ಎಂಬುದೇ ಸಂಭಾವ್ಯವಾದ ವಿವರಣೆ.

ಅದೇ ಹೆಗಲು ಮತ್ತೆ ಕಾಡಿದರೆ ಮೂರು ಸಂದೇಹಗಳಿಗೆ ಎಡೆಯುಂಟು. ಮೊದಲನೆಯದು, ಹಿಂದಿನ ಸಲದ ಬಿಗಿತ ಪೂರ್ತಿ ಹೋಗಿರಲೇ ಇಲ್ಲವೆಂಬುದು. ಕೈ ತಲೆಯವರೆಗೆ ಬಂದಿತು, ನಿದ್ರೆ ಬಂದಿತು, ಅಷ್ಟಕ್ಕೆ ತೃಪ್ತರಾಗಿ ವ್ಯಾಯಾಮ ಬಿಟ್ಟವರಲ್ಲಿ ಹೊರತಿರುಗಿಸುವ ಚಲನೆ ಕುಂಠಿತವಾಗಿಯೇ ಉಳಿದಿದ್ದು, ಯಾವುದೋ ಎಳೆತದಿಂದ ಅದು ಪುನಃ ಕೆರಳುತ್ತದೆ. ಎರಡನೆಯದು, ಈಗಿನ ನೋವು ಬೇರೆಯದೇ ವ್ಯಾಧಿಯೆಂಬುದು. ಹೆಗಲನ್ನು ತಿರುಗಿಸುವ ಸ್ನಾಯುರಜ್ಜು ಹರಿಯುವುದು, ರಜ್ಜುವಿನೊಳಗೆ ಸುಣ್ಣ ಕೂಡುವುದು, ಕೀಲಿನ ಸವೆತ, ಕುತ್ತಿಗೆಯ ನರದ ಒತ್ತಡ ಇವೆಲ್ಲವೂ ಹಿಂದಿನ ಅನುಭವದ ಬಲದಿಂದ ಅದೇ ಹೆಸರನ್ನು ಪಡೆದುಕೊಳ್ಳುತ್ತವೆ. ಮೂರನೆಯದು, ಬಲಪ್ರಯೋಗದಿಂದ ಬಿಡಿಸಿದ ಕೀಲು ಮರಳಿ ಹಿಡಿಯುವುದು. ಅರಿವಳಿಕೆ ಕೊಟ್ಟು ತೋಳನ್ನು ತಿರುಗಿಸಿ ಬಿಡಿಸಿದ ಸುಮಾರು 800 ಹೆಗಲುಗಳನ್ನು ಕುರಿತು 2017ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ವರದಿಯಲ್ಲಿ, ನೂರಕ್ಕೆ 18ರಷ್ಟಕ್ಕೆ ಅದೇ ಕ್ರಿಯೆಯನ್ನು ಇನ್ನೊಮ್ಮೆ ಮಾಡಬೇಕಾಗಿ ಬಂದಿತ್ತು. ಎಳೆಯ ವಯಸ್ಸಿನಿಂದ ಇನ್ಸುಲಿನ್ನಿನ ಮೇಲೆ ನಿಂತ ಮಧುಮೇಹಿಗಳಲ್ಲಿ ಈ ಸಂಖ್ಯೆ ಅದರ ಇಮ್ಮಡಿಯಷ್ಟಿತ್ತು. ಆದ್ದರಿಂದ ಎರಡನೆಯ ಸಲ ಬಂದ ನೋವಿಗೆ ಮೊದಲನೆಯ ಸಲದ ಚೀಟಿಯನ್ನೇ ಔಷಧಿಯಂಗಡಿಯಲ್ಲಿ ತೋರಿಸುವ ಅಭ್ಯಾಸ ಅಪಾಯಕರ.

ರೋಗವನ್ನು ಗುರುತಿಸಲು ಬೇಕಾದದ್ದು ಯಂತ್ರಕ್ಕಿಂತ ಮಿಗಿಲಾಗಿ ವೈದ್ಯರ ಕೈ. ರೋಗಿಯನ್ನು ನೇರವಾಗಿ ನಿಲ್ಲಿಸಿ, ಎರಡೂ ಮೊಣಕೈಗಳನ್ನು ಪಕ್ಕೆಗೆ ತಾಗಿಸಿ ಮಡಿಸಿ, ಮುಂಗೈಗಳನ್ನು ಹೊರಕ್ಕೆ ತೆರೆಯಹೇಳಿದರೆ, ಸ್ವಸ್ಥವಾದ ಕೈ ಬಾಗಿಲಿನಂತೆ ತೆರೆದುಕೊಳ್ಳದಿದ್ದರೂ ಸಾಕಷ್ಟು ದೂರ ಹೋಗುತ್ತದೆ, ಹಿಡಿದ ಕೈ ಹೊರಟಲ್ಲಿಯೇ ನಿಲ್ಲುತ್ತದೆ. ಆಗ ವೈದ್ಯರು ತಾವೇ ಮೆಲ್ಲನೆ ತಿರುಗಿಸಲು ನೋಡುತ್ತಾರೆ. ಅವರ ಕೈಗೂ ಅದು ಬಗ್ಗದಿದ್ದರೆ ರೋಗ ಬಹುಮಟ್ಟಿಗೆ ಇತ್ಯರ್ಥವಾದಂತೆ. ಸ್ನಾಯುರಜ್ಜು ಹರಿದಿದ್ದಾಗಲಾದರೋ ರೋಗಿಯು ತಾನಾಗಿ ಎತ್ತಲಾರದ ತೋಳನ್ನು ಇನ್ನೊಬ್ಬರು ಎತ್ತಬಲ್ಲರು. ತೋಳೆತ್ತುವಾಗ ಇಡೀ ಹೆಗಲೆಲುಬು ಕಿವಿಯ ಕಡೆಗೆ ಏರಿ ಬರುವುದನ್ನು ಹಿಂದೆ ನಿಂತು ನೋಡಿದವರಿಗೂ ಕೀಲು ಕೆಲಸ ಮಾಡುತ್ತಿಲ್ಲವೆಂಬುದು ತಿಳಿಯುತ್ತದೆ. ಕ್ಷಕಿರಣದ ಚಿತ್ರ ಸಾಮಾನ್ಯವಾಗಿ ನಿರ್ದೋಷವಾಗಿರುತ್ತದೆ. ಅದನ್ನು ತೆಗೆಸುವುದು ಕೀಲಿನ ಸವೆತ, ಕೀಲು ತಪ್ಪಿರುವುದು, ಮೂಳೆಯ ಗಡ್ಡೆ ಇವು ಇಲ್ಲವೆಂದು ಖಚಿತಮಾಡಿಕೊಳ್ಳಲಿಕ್ಕೆ. ಎಂ.ಆರ್.ಐ. ಚಿತ್ರ ಎಲ್ಲರಿಗೂ ಬೇಕಿಲ್ಲ. ಅದಕ್ಕಿಂತ ಬಹು ಅಗ್ಗವಾದ ಎರಡು ರಕ್ತಪರೀಕ್ಷೆಗಳು, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಮತ್ತು ಥೈರಾಯ್ಡಿನ ಟಿ.ಎಸ್.ಎಚ್., ಮರುಕಳಿಸಿದವರಿಗಂತೂ ಅವಶ್ಯವಾದವು. ತಮಗೆ ಮಧುಮೇಹವಿದೆಯೆಂಬುದು ಹೆಗಲಿನ ಮೂಲಕವೇ ಮೊದಲ ಬಾರಿ ತಿಳಿದುಬಂದವರು ಉಂಟು. ಜ್ವರದೊಡನೆ ಕೀಲು ಊದಿ ಕೆಂಪಾದರೆ, ಬಿದ್ದ ಮೇಲೆ ಕೈ ಏಳದಿದ್ದರೆ, ಹಿಂದೆ ಅರ್ಬುದ ರೋಗವಿದ್ದವರಿಗೆ ನೋವು ಬಂದರೆ, ನಡೆದಾಗ ಎಡಹೆಗಲು ನೊಂದು ನಿಂತಾಗ ಶಮನವಾದರೆ ಅದು ಬೇರೆ ವ್ಯಾಧಿಯಿರಬಹುದೆಂದು ತಿಳಿದು ತಡಮಾಡದೆ ತೋರಿಸಬೇಕು. ಕೊನೆಯದು ಹೃದಯದ ನೋವಿರಬಹುದು.

ಚಿಕಿತ್ಸೆಯ ಸೂತ್ರವೆಲ್ಲ ಅಡಗಿರುವುದು ಘಟ್ಟವನ್ನರಿತು ನಡೆಯುವುದರಲ್ಲಿ. ನೋವಿನ ಘಟ್ಟದಲ್ಲಿ ನೋವನ್ನು ತಗ್ಗಿಸುವುದೇ ಮುಖ್ಯಕಾರ್ಯ. ಪ್ಯಾರಸಿಟಮಾಲ್, ಉರಿಯೂತ ಶಮನದ ಮಾತ್ರೆಗಳು ಕೊಂಚ ನೆರವಾಗುತ್ತವೆ. ಎರಡನೆಯ ಜಾತಿಯ ಮಾತ್ರೆಗಳನ್ನು ಮೂತ್ರಪಿಂಡದ, ಜಠರವ್ರಣದ, ರಕ್ತದೊತ್ತಡದ ತೊಂದರೆಯುಳ್ಳವರು ತಾವಾಗಿ ಕೊಂಡು ನುಂಗಬಾರದು. ಇವುಗಳಿಗೆ ಬಗ್ಗದ ನೋವಿಗೆ ಕೀಲಿನೊಳಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಸ್ಟೀರಾಯ್ಡೆಂದರೆ ಬೆಚ್ಚುವವರು ನಮ್ಮಲ್ಲಿ ಬಹಳ. ವರ್ಷಗಟ್ಟಲೆ ನುಂಗಿದ ಮಾತ್ರೆಯಿಂದಾಗುವ ಕೇಡನ್ನು ಒಂದು ಚುಚ್ಚುಮದ್ದಿಗೂ ಆರೋಪಿಸುವುದು ಇದಕ್ಕೆ ಕಾರಣ. ವ್ಯಾಧಿಯ ಆರಂಭದಲ್ಲಿ ಸರಿಯಾದ ಸ್ಥಳಕ್ಕೆ ಬಿದ್ದ ಒಂದು ಚುಚ್ಚುಮದ್ದು ಮುಂದಿನ ಕೆಲವಾರು ವಾರಗಳ ನೋವನ್ನು ತಗ್ಗಿಸಿ, ನಿದ್ರೆಗೂ ವ್ಯಾಯಾಮಕ್ಕೂ ಅವಕಾಶ ಕಲ್ಪಿಸುತ್ತದೆಂಬುದು ಹಲವು ಪರೀಕ್ಷೆಗಳಿಂದ ಸಿದ್ಧವಾಗಿದೆ. ಬಿಗಿತವೇ ಪ್ರಧಾನವಾದ ಮೇಲೆ ಅದರ ಫಲ ಕಡಮೆ. ಆರಂಭದಲ್ಲಿ ಕೊಟ್ಟರೂ ಅದು ರೋಗದ ಒಟ್ಟು ಅವಧಿಯನ್ನು ಬಹಳವಾಗಿ ಮೊಟಕುಮಾಡುವುದೆಂದು ನಂಬಬಾರದು. ಮಧುಮೇಹಿಗಳಿಗೆ ಚುಚ್ಚುಮದ್ದಿನ ಅನಂತರ ಕೆಲವು ದಿನ ಸಕ್ಕರೆ ಏರುವುದರಿಂದ, ಆ ದಿನಗಳಲ್ಲಿ ಅದನ್ನು ನೋಡಿಕೊಂಡು ಮದ್ದಿನ ಅಳತೆಯನ್ನು ವೈದ್ಯರಿಂದ ತಿದ್ದಿಸಿಕೊಳ್ಳಬೇಕು.

ವ್ಯಾಯಾಮದ ವಿಷಯದಲ್ಲಿ ಎರಡು ಅತಿರೇಕಗಳಿವೆ. ನೋಯುತ್ತದೆಂದು ಕೈಯನ್ನು ಎದೆಗೆ ಕಟ್ಟಿಕೊಂಡು ಕೂರುವುದು ಒಂದು. ನೋವನ್ನು ಲೆಕ್ಕಿಸದೆ ಇನ್ನೊಬ್ಬರ ಕೈಯಿಂದ ಎಳೆಸಿಕೊಂಡು, ಕಣ್ಣಲ್ಲಿ ನೀರು ಬಂದಷ್ಟೂ ಗುಣವೆಂದು ಭಾವಿಸುವುದು ಇನ್ನೊಂದು. ಎರಡನೆಯದು ಶೌರ್ಯದಂತೆ ಕಂಡರೂ ಉರಿಯುತ್ತಿರುವ ಕೋಶವನ್ನು ಮತ್ತಷ್ಟು ಉರಿಸುವ ಕೆಲಸವೇ ಸರಿ. 2004ರಲ್ಲಿ ನೆದರ್ಲೆಂಡ್ಸಿನ ಡಿಯರ್ಕ್ಸ್ ಮತ್ತು ಸ್ಟೀವನ್ಸ್ ಪ್ರಕಟಿಸಿದ ಅಧ್ಯಯನದಲ್ಲಿ 77 ರೋಗಿಗಳು ಎರಡು ಗುಂಪಾಗಿದ್ದರು. ನೋವಿನ ಮಿತಿಯನ್ನು ಮೀರಿ ಎಳೆಸಿಕೊಂಡವರಲ್ಲಿ ಎರಡು ವರ್ಷದ ಹೊತ್ತಿಗೆ ನೂರಕ್ಕೆ 63 ಮಂದಿ ಚೆನ್ನಾಗಿ ಗುಣಹೊಂದಿದ್ದರೆ, ನೋವಿನ ಮಿತಿಯೊಳಗೆ ಮೃದುವಾದ ಚಲನೆಯನ್ನಷ್ಟೇ ಮಾಡಿದವರಲ್ಲಿ ಹಾಗೆ ಗುಣಹೊಂದಿದವರು 89 ಮಂದಿ. ಹೆಚ್ಚು ಹಿಂಸೆಗೆ ಹೆಚ್ಚು ಫಲವೆಂಬ ನಮ್ಮ ಲೋಕರೂಢಿಯ ಎಣಿಕೆ ಇಲ್ಲಿ ತಲೆಕೆಳಗಾಗಿದೆ.

ಮೊದಲ ಘಟ್ಟಕ್ಕೆ ತಕ್ಕುದು ಕಾಡ್ಮನ್ನನ ಹೆಸರಿನಲ್ಲಿಯೇ ಪ್ರಸಿದ್ಧವಾದ ಲೋಲಕದ ವ್ಯಾಯಾಮ. ಸ್ವಸ್ಥವಾದ ಕೈಯನ್ನು ಮೇಜಿನ ಮೇಲೂರಿ, ಸೊಂಟದಿಂದ ಮುಂದಕ್ಕೆ ಬಾಗಿ, ಹಿಡಿದ ತೋಳನ್ನು ಭಾರವೆಲ್ಲ ಬಿಟ್ಟು ಜೋಲುಬಿಡಬೇಕು. ಬಳಿಕ ಮೈಯನ್ನು ಕೊಂಚ ತೂಗಿದರೆ ಆ ತೂಗಿಗೆ ತೋಳು ತಾನೇ ಹಿಂದೆಮುಂದೆ, ಅಡ್ಡಡ್ಡ, ಕಡೆಗೆ ಸಣ್ಣ ವೃತ್ತವಾಗಿ ಆಡಬೇಕೇ ಹೊರತು ಹೆಗಲ ಸ್ನಾಯುವಿನಿಂದ ಅದನ್ನು ಆಡಿಸಬಾರದು. ಒಂದೆರಡು ನಿಮಿಷ, ದಿನಕ್ಕೆ ನಾಲ್ಕಾರು ಸಲ ಸಾಕು. ನೋವು ತಗ್ಗಿದ ಮೇಲೆ ಗೋಡೆಗೆದುರಾಗಿ ನಿಂತು ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ನಡೆಸುವುದು. ಅಂಗಾತ ಮಲಗಿ, ಎರಡೂ ಕೈಯಲ್ಲಿ ಕೋಲೊಂದನ್ನು ಹಿಡಿದು, ಒಳ್ಳೆಯ ಕೈಯಿಂದ ನೋಯುವ ಕೈಯನ್ನು ಹೊರಕ್ಕೆ ನೂಕುವುದು. ಬಾಗಿಲುವಾಡದಲ್ಲಿ ನಿಂತು ಮೊಣಕೈ ಮಡಿಸಿ ಅಂಗೈಯನ್ನು ಚೌಕಟ್ಟಿಗೆ ಆನಿಸಿ ಮೈಯನ್ನು ಮೆಲ್ಲನೆ ಆಚೆಗೆ ತಿರುಗಿಸುವುದು. ಬೆನ್ನ ಹಿಂದೆ ಟವೆಲ್ಲಿನ ಒಂದು ತುದಿಯನ್ನು ಮೇಲಿನ ಕೈಯಿಂದಲೂ ಇನ್ನೊಂದನ್ನು ಕೆಳಗಿನ ಕೈಯಿಂದಲೂ ಹಿಡಿದು ಎಳೆಯುವುದು. ಮೊದಲು ಹತ್ತು ನಿಮಿಷ ಬಿಸಿನೀರಿನ ಶಾಖ ಕೊಟ್ಟುಕೊಂಡರೆ ಅನುಕೂಲ. ಎಷ್ಟು ಎಳೆಯಬೇಕೆಂಬುದಕ್ಕೆ ಅಳತೆಗೋಲು ಇದು: ವ್ಯಾಯಾಮದಿಂದೆದ್ದ ನೋವು ಸ್ವಲ್ಪ ಹೊತ್ತಿನಲ್ಲಿ ಇಳಿದರೆ ಸರಿ, ಆ ರಾತ್ರಿಯ ನಿದ್ರೆಯನ್ನು ಕೆಡಿಸಿದರೆ ಮರುದಿನ ಅರ್ಧಕ್ಕೆ ಇಳಿಸಬೇಕು, ಬಿಡಬಾರದು.

ಇಷ್ಟರಿಂದಲೂ ಕದಲದ ಹೆಗಲಿಗೆ ಮೂರು ಉಪಾಯಗಳಿವೆ: ಲವಣಜಲವನ್ನು ಕೀಲಿನೊಳಕ್ಕೆ ತುಂಬಿ ಕುಗ್ಗಿದ ಕೋಶವನ್ನು ಹಿಗ್ಗಿಸುವುದು; ಅರಿವಳಿಕೆ ಕೊಟ್ಟು ತೋಳನ್ನು ಕ್ರಮವರಿತು ತಿರುಗಿಸಿ ಕೋಶವನ್ನು ಬಿಡಿಸುವುದು; ಸಣ್ಣ ರಂಧ್ರದ ಮೂಲಕ ದರ್ಶಕನಳಿಕೆಯನ್ನು ಇಳಿಸಿ ಬಿಗಿದ ಕೋಶವನ್ನು ಕತ್ತರಿಸುವುದು. ಎರಡನೆಯದರಲ್ಲಿ ತೋಳಮೂಳೆ ಮುರಿಯುವ, ರಜ್ಜು ಹರಿಯುವ, ನರ ಎಳೆಯುವ ಅಪಾಯ ಅಪರೂಪವಾಗಿಯಾದರೂ ಇದ್ದೇ ಇದೆ. ಇವುಗಳ ತಾರತಮ್ಯವನ್ನು ಅಳೆಯಲು ಬ್ರಿಟನ್ನಿನ 35 ಆಸ್ಪತ್ರೆಗಳಲ್ಲಿ 503 ರೋಗಿಗಳ ಮೇಲೆ ನಡೆದು 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅರಿವಳಿಕೆಯ ಕ್ರಿಯೆ, ದರ್ಶಕನಳಿಕೆಯ ಶಸ್ತ್ರಕ್ರಿಯೆ, ಸ್ಟೀರಾಯ್ಡ್ ಚುಚ್ಚುಮದ್ದಿನೊಡನೆ ಕ್ರಮಬದ್ಧವಾದ ಫಿಸಿಯೋಥೆರಪಿ ಈ ಮೂರರಲ್ಲಿ ಯಾವುದೊಂದೂ ಉಳಿದವಕ್ಕಿಂತ ರೋಗಿಯ ಅನುಭವಕ್ಕೆ ಬರುವಷ್ಟು ಮೇಲೆಂದು ಒಂದು ವರ್ಷದ ಕೊನೆಗೆ ತೋರಲಿಲ್ಲ. ಶಸ್ತ್ರಕ್ರಿಯೆಗೆ ತೊಡಕುಗಳು ಹೆಚ್ಚು. ಇದರಿಂದ ತಿಳಿಯತಕ್ಕದ್ದು ಶಸ್ತ್ರಕ್ರಿಯೆ ವ್ಯರ್ಥವೆಂದಲ್ಲ, ಅವಸರಪಡಬೇಕಾದ್ದಿಲ್ಲವೆಂದು. ಶಸ್ತ್ರಕ್ರಿಯೆಯ ಅನಂತರವೂ ಅದೇ ಗೋಡೆ, ಅದೇ ಕೋಲು, ಅದೇ ವ್ಯಾಯಾಮ. ಅವನ್ನು ಬಿಟ್ಟವರ ಕೀಲು ಮತ್ತೆ ಬಿಗಿಯುವುದು ಸಹಜ.

ತೈಲಾಭ್ಯಂಗ, ಸ್ವೇದ, ನಸ್ಯಗಳನ್ನು ಆಯುರ್ವೇದವು ಅವಬಾಹುಕಕ್ಕೆ ವಿಧಿಸಿದೆ. ಕರ್ನಾಟಕದ ಮನೆಗಳಲ್ಲಿ ಇಂದಿಗೂ ಹೆಗಲು ಹಿಡಿದೊಡನೆ ಮೊದಲು ಕಾಯುವುದು ಎಣ್ಣೆಯ ಬಟ್ಟಲು. ಹದವಾದ ಶಾಖವೂ ಮೃದುವಾದ ಮಾಲೀಸೂ ನೋವಿಗೆ ಹೆದರಿ ಬಿಗಿದುಕೊಂಡ ಸುತ್ತಣ ಸ್ನಾಯುಗಳನ್ನು ಸಡಿಲಿಸಿ ಸುಖವನ್ನು ಕೊಡುವುದು ನಿಜ; ಆಳದಲ್ಲಿರುವ ಸಂಧಿಕೋಶವನ್ನು ಎಣ್ಣೆ ಮುಟ್ಟುವುದೆಂದು ಹೇಳಲು ಆಧಾರ ಸಾಲದು. ಮಾಲೀಸಿನ ಬಳಿಕ ವ್ಯಾಯಾಮ ಮಾಡುವವನಿಗೆ ಅದರಿಂದ ಲಾಭವುಂಟು, ಮಾಲೀಸನ್ನೇ ವ್ಯಾಯಾಮವೆಂದುಕೊಂಡವನಿಗೆ ಇಲ್ಲ. ಆದರೆ ಕೀಲು ಜಾರಿದೆಯೆಂದು ತಾವೇ ತೀರ್ಮಾನಿಸಿ, ಕಾಲನ್ನು ಕಂಕುಳಿಗೆ ಕೊಟ್ಟು ಕೈಯನ್ನು ಜಗ್ಗುವವರ ಬಳಿಗೆ ಹೋಗಲೇಬಾರದು. ಬಹುಕಾಲ ಕದಲದಿದ್ದು ಮೂಳೆ ದುರ್ಬಲವಾಗಿರುವ ವೃದ್ಧರಲ್ಲಿ ಈ ಜಗ್ಗಾಟ ಮೂಳೆಯನ್ನೇ ಮುರಿದೀತು.

ವ್ಯಾಧಿ ತೊಲಗುವವರೆಗೆ ಅದರೊಡನೆ ಬಾಳುವ ಉಪಾಯಗಳೂ ಚಿಕಿತ್ಸೆಯ ಭಾಗವೇ. ಅಂಗಾತ ಮಲಗಿ, ತೋಳು ಹಿಂದಕ್ಕೆ ಜಾರದಂತೆ ಮೊಣಕೈಯ ಕೆಳಗೆ ಮಡಿಸಿದ ದುಪ್ಪಟಿಯನ್ನಿಟ್ಟುಕೊಳ್ಳಬಹುದು. ಇಲ್ಲವೆ ಒಳ್ಳೆಯ ಮಗ್ಗುಲಿಗೆ ತಿರುಗಿ ದಿಂಬೊಂದನ್ನು ಅಪ್ಪಿಕೊಂಡು ಅದರ ಮೇಲೆ ನೋಯುವ ಕೈಯನ್ನು ಚಾಚಬಹುದು. ಅಂಗಿ ತೊಡುವಾಗ ನೋಯುವ ಕೈ ಮೊದಲು, ಕಳಚುವಾಗ ಅದೇ ಕಡೆಗೆ. ಮುಂದೆ ಗುಂಡಿಯಿರುವ ಉಡುಪು ಒಳ್ಳೆಯದು. ದಿನವೂ ಬೇಕಾಗುವ ಬೇಳೆಯ ಡಬ್ಬ, ಸಾರಿನ ಪುಡಿ ಅಟ್ಟದಿಂದಿಳಿದು ಎದೆಯ ಮಟ್ಟಕ್ಕೆ ಬರಬೇಕು, ಬಟ್ಟೆ ಹರವುವ ತಂತಿ ಕೆಳಗಿಳಿಯಬೇಕು. ತರಕಾರಿ ಹೆಚ್ಚುವುದು, ಬರೆಯುವುದು, ಹಿಟ್ಟು ಕಲಸುವುದು ಮುಂತಾದ, ತೋಳು ಪಕ್ಕೆಯಲ್ಲಿದ್ದುಕೊಂಡೇ ಆಗುವ ಕೆಲಸಗಳನ್ನು ಬಿಡಬೇಕಾದ್ದಿಲ್ಲ. ಕೈ ಬಳಕೆಯಲ್ಲಿರುವುದು ಅದಕ್ಕೂ ಮನಸ್ಸಿಗೂ ಹಿತ. ಹೊರಗೆ ಊತವಿಲ್ಲ, ಗಾಯವಿಲ್ಲ, ಕಟ್ಟಿಲ್ಲ; ಹೀಗಾಗಿ ಮನೆಯವರಿಗೆ ಕಣ್ಣಿಗೆ ಬೀಳದ ಈ ನೋವು ಕೆಲಸಗಳ್ಳತನದಂತೆ ತೋರಿ ಮನಸ್ತಾಪಕ್ಕೆ ಎಡೆಯಾಗುತ್ತದೆ. ಒಮ್ಮೆ ವೈದ್ಯರ ಬಳಿಗೆ ಮನೆಯವರನ್ನೂ ಕರೆದೊಯ್ದು, ವರ್ಷ ಹಿಡಿಯಬಹುದೆಂಬ ಮಾತನ್ನು ಅವರ ಕಿವಿಗೂ ಬೀಳಿಸುವುದು ಎಷ್ಟೋ ಮಾತ್ರೆಗಳಿಗಿಂತ ಮೇಲು. ಪ್ರಗತಿಯನ್ನು ದಿನದಿನವೂ ಅಳೆಯಹೋದವರು ನಿರಾಶರಾಗುತ್ತಾರೆ. ಗೋಡೆಯ ಮೇಲೆ ಬೆರಳು ತಲುಪಿದೆಡೆ ತಿಂಗಳಿಗೊಮ್ಮೆ ಸೀಸದಕಡ್ಡಿಯಿಂದ ಗೆರೆಯೆಳೆದರೆ ಏರಿಕೆ ಕಣ್ಣಿಗೆ ಕಾಣುತ್ತದೆ.

ಎರಡನೆಯ ಸಲ ಬಂದವರಿಗೆ ಒಂದು ಅನುಕೂಲವೂ ಉಂಟು: ಮೊದಲ ಸಲ ರೋಗ ಗುರುತಿಸುವುದರಲ್ಲಿಯೇ ಕಳೆದುಹೋದ ತಿಂಗಳುಗಳು ಈ ಸಲ ಕೈಯಲ್ಲಿರುತ್ತವೆ, ಚುಚ್ಚುಮದ್ದು ಹೆಚ್ಚು ಫಲಕಾರಿಯಾಗುವ ಕಾಲವೂ ಅದೇ. ಆದಕಾರಣ ಒಂದು ಹೆಗಲು ಹಿಡಿದು ಬಿಟ್ಟವರು, ಇನ್ನೊಂದರಲ್ಲಿ ರಾತ್ರಿಯ ನೋವು ಎರಡು ಮೂರು ವಾರ ನಿಂತಿತೆಂದರೆ, ತಾನಾಗಿ ಹೋದೀತೆಂದು ಕಾಯದೆ ವೈದ್ಯರಿಗೆ ತೋರಿಸಿ, ಸಕ್ಕರೆಯನ್ನೂ ಥೈರಾಯ್ಡನ್ನೂ ಹೊಸದಾಗಿ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಹಿಂದಿನ ಸಲದ ವರದಿಗಳನ್ನು ಜೊತೆಗೆ ಒಯ್ಯಲು ಮರೆಯಬಾರದು.